ಸುಲೋಚನಮ್ಮ ಮೆಂಬರಾದದ್ದು

ಕೊಡ್ಲಿಪೇಟೆಯ ಮಿತ್ರ ಸೇವಾ ಕ್ಲಬ್ಬಿನ ಸಭೆ ತಿಂಗಳಿಗೆ ಎರಡು ಶನಿವಾರ, ಸಂಜೆ ಐದು ಗಂಟೆಗೆ, ಬಸ್ ಸ್ಟ್ಯಾಂಡಿನ ಎದುರಿನ ಕಟ್ಟಡದ ಮಹಡಿಯಲ್ಲಿ ನಡೆಯುತ್ತಿತ್ತು. ಆ ಸಭೆಗೆ ಹನ್ನೊಂದು ವರ್ಷದಿಂದ ತಿಂಡಿ, ಕಾಫಿ ಮಾಡಿಕೊಂಡು ಬರುತ್ತಿದ್ದವರು ಸುಲೋಚನಮ್ಮ. ಪೇಟೆಯ ಹಿಂಬದಿಯ ಬೀದಿಯಲ್ಲಿ ಅವರದೊಂದು ಸಣ್ಣ ಮೆಸ್ಸು. ಬ್ಯಾಂಕಿನವರು, ಮೇಷ್ಟ್ರುಗಳು, ಸಂತೆ ದಿನ ಹಳ್ಳಿಗಳಿಂದ ಬಂದವರು, ಎಲ್ಲರೂ ಅಲ್ಲೇ ಉಣ್ಣುತ್ತಿದ್ದರು.

ಸಭೆ ಮುಗಿಯುವ ಗಂಟೆ ಬಾರಿಸಿದ ತಕ್ಷಣ ಕಾಫಿ ಬಿಸಿಬಿಸಿಯಾಗಿ ಕೈಗೆ ಬರಬೇಕೆಂಬುದು ಅಧ್ಯಕ್ಷ ಮಹದೇವಪ್ಪನವರ ಕಟ್ಟಪ್ಪಣೆ. ಹಾಗಾಗಿ ಸುಲೋಚನಮ್ಮ ಫ್ಲಾಸ್ಕು, ಪಾತ್ರೆಗಳನ್ನು ಮಗ್ಗುಲಲ್ಲಿಟ್ಟುಕೊಂಡು ಬಾಗಿಲ ಹೊರಗೆ ಒಂದು ಕುರ್ಚಿ ಹಾಕಿ ಕೂರುತ್ತಿದ್ದರು. ಕೂತ ಮೇಲೆ ಕಿವಿ ಮುಚ್ಚಿಕೊಳ್ಳಲಾದೀತೆ? ಕ್ಲಬ್ಬಿನ ಪ್ರತಿಜ್ಞೆಯಿಂದ ಹಿಡಿದು ನಿಯಮಾವಳಿಯವರೆಗೆ ಎಲ್ಲವೂ ಅವರಿಗೆ ಬಾಯಿಪಾಠವಾಗಿಬಿಟ್ಟಿತ್ತು. ಯಾರು ಮಾತು ಶುರು ಮಾಡಿದರೆ ನಿಲ್ಲಿಸುವುದಿಲ್ಲ, ಯಾರು ತಿಂಡಿಯ ವಾಸನೆ ಬಂದ ಕೂಡಲೇ ಎಲ್ಲದಕ್ಕೂ ಒಪ್ಪಿಗೆ ಕೊಟ್ಟುಬಿಡುತ್ತಾರೆ, ಅದೂ ಗೊತ್ತಿತ್ತು. ತಮಗನಿಸಿದ್ದನ್ನು ಮಾತ್ರ ಅವರು ಹೇಳುತ್ತಿದ್ದದ್ದು ಆಟೋ ಮಾದನ ಹತ್ತಿರ, ಪಾತ್ರೆ ಹೇರಿಕೊಂಡು ಮನೆಗೆ ವಾಪಸ್ ಹೋಗುವಾಗ.

ಕ್ಲಬ್ಬಿನಲ್ಲಿ ಹದಿನಾಲ್ಕು ಜನ. ಒಬ್ಬರೂ ಕೆಟ್ಟವರಲ್ಲ. ಹಾರ್ಡ್‌ವೇರ್ ಅಂಗಡಿಯ ಮಹದೇವಪ್ಪನವರಂತೂ ಯಾರು ಬಂದು ಕಷ್ಟ ಹೇಳಿಕೊಂಡರೂ ಕಣ್ಣಲ್ಲಿ ನೀರು ತಂದುಕೊಳ್ಳುವವರು. ವರ್ಷವಿಡೀ ಏನಾದರೊಂದು ಕೊಡುತ್ತಲೇ ಇದ್ದರು. ಶಾಲೆಗೆ ನೀರಿನ ಫಿಲ್ಟರು, ನಡೆಯಲಾಗದವರಿಗೆ ವೀಲ್‌ಚೇರು, ಬಸ್ ಸ್ಟ್ಯಾಂಡಿಗೆ ಕಲ್ಲುಬೆಂಚು. ಕೊಡುವ ದಿನ ಶಾಲು, ಹಾರ, ಫೋಟೋ, ಸುಲೋಚನಮ್ಮನ ಚಿತ್ರಾನ್ನ. ಮಾರನೆಯ ದಿನ ಕಾರ್ಯದರ್ಶಿ ರೇಣುಕಪ್ರಸಾದ್ ಫೋಟೋಗಳನ್ನು ಆಲ್ಬಮ್ಮಿಗೆ ಸೇರಿಸುತ್ತಿದ್ದರು. ಅಲ್ಲಿಗೆ ಆ ಕೆಲಸ ಮುಗಿಯಿತು. ಆಮೇಲೆ ಏನಾಯಿತೆಂಬುದು ಸುಲೋಚನಮ್ಮನ ಮೆಸ್ಸಿಗೆ ಊಟಕ್ಕೆ ಬರುವವರ ಬಾಯಲ್ಲಿ ಬರುತ್ತಿತ್ತು.

ಹೀಗಿರುವಾಗ ಕಳೆದ ಜೂನಿನಲ್ಲಿ ಕ್ಲಬ್ಬಿನ ಜಿಲ್ಲಾ ಮುಖ್ಯಸ್ಥೆ ಭೇಟಿಗೆ ಬಂದರು. ಹೆಸರು ಯಮುನ, ನಾಪೋಕ್ಲು ಕಡೆಯವರು, ಕಾಫಿ ತೋಟ ನೋಡಿಕೊಂಡು ಊರೂರು ತಿರುಗುವ ಗಟ್ಟಿ ಹೆಂಗಸು. ಆ ದಿನ ಮಹಡಿಗೆ ಬಲೂನು ಕಟ್ಟಿದ್ದರು. ಮಹದೇವಪ್ಪನವರು ಮಗಳ ಮದುವೆಗೆ ಹೊಲಿಸಿದ್ದ ಕೋಟು ಹಾಕಿಕೊಂಡು ಬಂದಿದ್ದರು. ಅದರ ಗುಂಡಿ ಈಗ ಹಾಕಲು ಬರುತ್ತಿರಲಿಲ್ಲ. ರೇಣುಕಪ್ರಸಾದ್ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಫೋಟೋಗಳನ್ನು ಬಿಟ್ಟು ಒಂದೊಂದನ್ನೇ ವಿವರಿಸತೊಡಗಿದರು. ಐದನೆಯ ಫೋಟೋಕ್ಕೆ ಕರೆಂಟು ಹೋಯಿತು.

"ಪರವಾಗಿಲ್ಲ ಬಿಡಿ, ಫೋಟೋ ನೋಡಿದ್ದು ಸಾಕು" ಎಂದರು ಯಮುನ. "ಬಾಯಲ್ಲೇ ಹೇಳಿ. ಈ ಕೆರೆಮೂಲೆ ಶಾಲೆಗೆ ಫಿಲ್ಟರ್ ಕೊಟ್ರಲ್ಲ, ಈಗ ಹೇಗಿದೆ ಅದು?"

ಹದಿನಾಲ್ಕು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಹದೇವಪ್ಪನವರು ಗಂಟಲು ಸರಿಮಾಡಿಕೊಂಡು, "ಚೆನ್ನಾಗಿದೆ ಮೇಡಂ, ಬಾಳ ಚೆನ್ನಾಗಿದೆ" ಎಂದರು.

"ಎಲ್ಲಿ ಚೆನ್ನಾಗೈತೆ?"

ಮಾತು ಬಂದದ್ದು ಬಾಗಿಲ ಕಡೆಯಿಂದ. ಕರೆಂಟು ಹೋಯಿತೆಂದು ಮೇಣದ ಬತ್ತಿ ಹಿಡಿದು ಒಳಗೆ ಬಂದಿದ್ದ ಸುಲೋಚನಮ್ಮನಿಗೆ ತಾನು ಬಾಯಿಬಿಟ್ಟೆನೆಂದು ತಿಳಿದದ್ದೇ ಎಲ್ಲರೂ ತಿರುಗಿ ನೋಡಿದಾಗ. ಬತ್ತಿಯನ್ನು ಮೇಜಿನ ಮೇಲಿಟ್ಟು ಹೊರಗೆ ಓಡುವ ಹೊತ್ತಿಗೆ ಯಮುನ, "ನಿಲ್ಲಿ ಅಕ್ಕ. ಏನಾಗಿದೆ ಫಿಲ್ಟರಿಗೆ?" ಎಂದು ಕೇಳಿದರು.

ಇನ್ನು ನುಂಗಿಕೊಳ್ಳುವ ಹಾಗಿರಲಿಲ್ಲ. "ಏನೂ ಆಗಿಲ್ಲ ಮೇಡಂ, ಹೊಸದಾಗೇ ಐತೆ. ಅಲ್ಲಿಯ ಟ್ಯಾಂಕು ಕೆಳಗೈತೆ, ಫಿಲ್ಟರು ಮೇಲೈತೆ. ನೀರು ಹತ್ತೋದೇ ಇಲ್ಲ. ನಮ್ಮ ಕುಸುಮಾ ಟೀಚರ್ ಅದಕ್ಕೊಂದು ಬಟ್ಟೆ ಹೊದಿಸಿ ಇಟ್ಟವ್ರೆ. ಮಕ್ಕಳು ಮನೆಯಿಂದ್ಲೇ ಬಾಟ್ಲಲ್ಲಿ ನೀರು ತರ್ತಾವೆ."

"ಮತ್ತೆ ಆ ವೀಲ್‌ಚೇರು?"

"ಬೊಳ್ಳಪ್ಪಂದಾ? ಅದು ಅವ್ರ ಬಾಗಿಲಲ್ಲಿ ಹಿಡಿಯಲ್ಲ ಮೇಡಂ. ಜಗಲೀಲೇ ನಿಂತೈತೆ. ಅದ್ರ ಮೇಲೆ ಮೆಣಸು ಒಣಗಿಸ್ತಾರೆ."

ಯಾರೋ ಹಿಂದಿನ ಸಾಲಿನಲ್ಲಿ ಕಿಸಕ್ಕೆಂದರು. ಯಮುನ ಮಾತ್ರ ಗಂಭೀರವಾಗಿ, "ಬೆಂಚು?" ಎಂದರು.

"ಬೆಂಚು ಗಟ್ಟಿಯಾಗೈತೆ. ಆದ್ರೆ ಗೋಡೆ ಕಡೆ ಮುಖ ಮಾಡಿ ಹಾಕವ್ರೆ. ಕೂತ್ರೆ ಬಸ್ಸು ಬಂದಿದ್ದೂ ಕಾಣಲ್ಲ, ಹೋಗಿದ್ದೂ ಕಾಣಲ್ಲ."

ಈಗ ಯಮುನ ಅವರಿಗೂ ತಡೆಯಲಾಗಲಿಲ್ಲ. ಅವರು ನಕ್ಕಿದ್ದೇ ತಡ, ಇಡೀ ಮಹಡಿ ನಕ್ಕಿತು. ಸುಲೋಚನಮ್ಮ ಅವಸರದಲ್ಲಿ, "ಲಿಂಗಮ್ಮನಿಗೆ ಕೊಟ್ಟ ಹೊಲಿಗೆ ಮಿಷನ್ನು ಮಾತ್ರ ಬಂಗಾರ ಮೇಡಂ. ಈ ರವಿಕೆ ಅವಳೇ ಹೊಲಿದದ್ದು" ಎಂದು ತೋಳು ಮುಂದೆ ಮಾಡಿ ತೋರಿಸಿದರು. ನಗದೇ ಕೂತವರು ಇಬ್ಬರೇ. ರೇಣುಕಪ್ರಸಾದ್ ಆಲ್ಬಮ್ ಮುಚ್ಚಿಟ್ಟರು. ಮಹದೇವಪ್ಪನವರು ತಲೆ ತಗ್ಗಿಸಿಕೊಂಡೇ ಕಾಫಿ ಕುಡಿದರು.

ಹೊರಡುವಾಗ ಯಮುನ ಸುಲೋಚನಮ್ಮನ ಕೈ ಹಿಡಿದು, "ನೀವ್ಯಾಕೆ ಮೆಂಬರ್ ಆಗಿಲ್ಲ?" ಎಂದು ಕೇಳಿದರು. ಆ ಪ್ರಶ್ನೆಯನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಸುಲೋಚನಮ್ಮ ತಾವೂ ಕೇಳಿಕೊಂಡಿರಲಿಲ್ಲ.

ಆಟೋದಲ್ಲಿ ಸುಲೋಚನಮ್ಮ ಮಾದನಿಗೆ ನಡೆದದ್ದೆಲ್ಲ ಹೇಳಿ, "ನನ್ನ ನಾಲಿಗೆಗೆ ಏನಾಗಿತ್ತೋ ಮಾದ! ಹನ್ನೊಂದು ವರ್ಷ ಸುಮ್ನಿದ್ದೋಳು ಇವತ್ತೊಂದಿನ ಸುಮ್ನಿರಬಾರದಾಗಿತ್ತಾ? ಮಾದೇವಣ್ಣನ ಮುಖ ನೋಡೋಕಾಗ್ಲಿಲ್ಲ" ಎಂದು ಪೇಚಾಡಿದರು.

"ನನಗೆ ಹೇಳ್ತಿದ್ದದ್ನೇ ಅವರಿಗೂ ಹೇಳಿದ್ದೀರಿ ಅಕ್ಕ. ಅವರೂ ಸ್ವಲ್ಪ ಕೇಳಲಿ ಬಿಡಿ" ಎಂದ ಮಾದ. ಅವನಿಗೆ ನಗು ತಡೆಯಲಾಗದೆ ಆಟೋ ಎರಡು ಸಲ ಗುಂಡಿಗೆ ಇಳಿಯಿತು.

ಸೋಮವಾರ ಮಧ್ಯಾಹ್ನ, ಮೆಸ್ಸಿನ ಗದ್ದಲ ಇಳಿದ ಮೇಲೆ, ಮಹದೇವಪ್ಪನವರು ಬಂದರು. ಸುಲೋಚನಮ್ಮ ಕೈ ಒರೆಸಿಕೊಂಡು ಎದುರು ನಿಂತರು. ಇನ್ನು ತಿಂಡಿ ಬೇಡವೆಂದು ಹೇಳಲು ಬಂದಿದ್ದಾರೆಂದೇ ಅವರು ತಿಳಿದಿದ್ದರು.

"ಬೆಳಗ್ಗೆ ಬೊಳ್ಳಪ್ಪನ ಮನೆಗೆ ಹೋಗಿದ್ದೆ ಕಣಕ್ಕ" ಎಂದರು ಮಹದೇವಪ್ಪನವರು, ಬೆಂಚಿನ ತುದಿಯಲ್ಲಿ ಕೂತು. "ಹದಿನಾಲ್ಕು ತಿಂಗಳಾಯ್ತಂತೆ ಆತ ಮನೆ ಹೊರಗೆ ಬಂದು. ನಾನು ಹಾರ ಹಾಕಿ ಫೋಟೋ ತೆಗೆಸ್ಕೊಂಡು ಬಂದಿದ್ದೆ. ಆತ ಏನಂದ ಗೊತ್ತಾ? 'ಚೇರು ಬಾಳ ಚೆನ್ನಾಗೈತೆ ಸ್ವಾಮಿ, ನಮ್ಮ ಬಾಗಿಲೇ ಸಣ್ಣದು' ಅಂದ. ತಪ್ಪು ತನ್ನದೇ ಅನ್ನೋ ಹಂಗೆ."

ಸುಲೋಚನಮ್ಮ ಒಂದು ಲೋಟ ಬೆಲ್ಲದ ಕಾಫಿ ತಂದು ಮುಂದಿಟ್ಟರು.

ಮಹದೇವಪ್ಪನವರು ಜೇಬಿನಿಂದ ಅಳತೆಯ ಟೇಪು ತೆಗೆದು ಮೇಜಿನ ಮೇಲಿಟ್ಟರು. "ಬಾಗಿಲು ಅಳೆದ್ಕೊಂಡು ಬಂದಿದ್ದೀನಿ. ಅಂಗೈಯಗಲ ಜಾಸ್ತಿ ಮಾಡಿದ್ರೆ ಸಾಕು, ಹೊಸ್ತಿಲಿಗೊಂದು ಇಳಿಜಾರು ಹಲಗೆ. ನಂದೇ ಅಂಗಡಿ, ನನಗೇ ಹೊಳೀಲಿಲ್ಲ ನೋಡಿ. ನೀವು ಮೆಂಬರಾಗಿ ಅಕ್ಕ. ಮೇಡಂ ಹೇಳಿದ್ರು ಅಂತ ಕರೀತಿಲ್ಲ. ನಿಮಗೆ ಗೊತ್ತಿರೋದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ."

ಸುಲೋಚನಮ್ಮನಿಗೆ ಒಳಗೊಳಗೇ ಖುಷಿಯಾಯಿತು. ಆದರೂ ಬಿಟ್ಟುಕೊಡದೆ, "ಒಂದು ಮಾತಿಗೆ ಒಪ್ಪಿದ್ರೆ ಆಗ್ತೀನಿ. ಈ ವರ್ಷ ಹೊಸದೇನೂ ಕೊಡೋದು ಬೇಡ. ಕೊಟ್ಟಿರೋದ್ನೆಲ್ಲ ಒಂದ್ಸಲ ಹೋಗಿ ನೋಡ್ಕೊಂಡು ಸರಿ ಮಾಡೋಣ" ಎಂದರು.

ಮುಂದಿನ ಶನಿವಾರ ಇದೇ ಮಾತು ಸಭೆಯಲ್ಲಿ ಬಂತು. ಈ ಸಲ ಸುಲೋಚನಮ್ಮ ಬಾಗಿಲ ಒಳಗಡೆಯ ಕುರ್ಚಿಯಲ್ಲಿ ಕೂತಿದ್ದರು. ಕೆಲಸವಿಲ್ಲದ ಕೈಯನ್ನು ಎಲ್ಲಿಡಬೇಕೆಂದು ತೋಚದೆ ಸೆರಗಿನ ತುದಿ ಸುತ್ತುತ್ತಿದ್ದರು.

ರೇಣುಕಪ್ರಸಾದರಿಗೆ ಒಪ್ಪಿಗೆಯಿರಲಿಲ್ಲ. "ಹೊಸ ಪ್ರಾಜೆಕ್ಟ್ ಇಲ್ದೆ ವರ್ಷದ ವರದೀಲಿ ಏನ್ ಬರೀಲಿ? ರಿಪೇರಿ ಅಂತ ಬರೆಯೋಕಾಗುತ್ತಾ?"

"ರಿಪೇರಿ ಅಂತಾನೇ ಬರೀರಿ ಪ್ರಸಾದಣ್ಣ, ಸುಳ್ಳೇನಲ್ವಲ್ಲ" ಎಂದರು ಸುಲೋಚನಮ್ಮ.

ಕೈ ಎತ್ತಿದಾಗ ಹನ್ನೊಂದು ಜನ ಅವರ ಕಡೆಗಿದ್ದರು. ರೇಣುಕಪ್ರಸಾದ್ ಮುಖ ಗಂಟಿಕ್ಕಿಕೊಂಡೇ ಅದನ್ನು ಬರೆದುಕೊಂಡರು.

ಭಾನುವಾರ ಎಲ್ಲರೂ ಎರಡು ಜೀಪಿನಲ್ಲಿ ಕೆರೆಮೂಲೆ ಶಾಲೆಗೆ ಹೋದರು. ಕುಸುಮಾ ಟೀಚರ್ ಬೀಗದ ಕೈ ಹಿಡಿದು ಕಾದಿದ್ದರು. ಮಹದೇವಪ್ಪನವರು ಪ್ಯಾಂಟು ಮೊಣಕಾಲಿನವರೆಗೆ ಮಡಚಿ, ಪೈಪಿಗೆ ಸುತ್ತುವ ಟೇಪನ್ನು ಹಲ್ಲಲ್ಲಿ ಕಚ್ಚಿಕೊಂಡು ಏಣಿ ಹತ್ತಿದ್ದನ್ನು ನೋಡಿ ಎಲ್ಲರಿಗೂ ಆಶ್ಚರ್ಯ. ಪೈಪು ಮಾರುವವರೆಂದು ಗೊತ್ತಿತ್ತು, ಪೈಪು ಜೋಡಿಸುವುದೂ ಬರುತ್ತದೆಂದು ಗೊತ್ತಿರಲಿಲ್ಲ. ತೋಟದ ಕೆಲಸ ಮಾಡಿಸಿ ಗೊತ್ತಿದ್ದವರು ಸಿಮೆಂಟು ಇಟ್ಟಿಗೆ ಹೊತ್ತರು. ಮಧ್ಯಾಹ್ನದ ಹೊತ್ತಿಗೆ ಟ್ಯಾಂಕು ಎತ್ತರದ ಕಟ್ಟೆಯ ಮೇಲೆ ಕೂತಿತು.

"ಬಿಡ್ರಿ ನೀರು!" ಎಂದು ಮಹದೇವಪ್ಪನವರು ಮೇಲಿನಿಂದ ಕೂಗಿದರು.

ನಲ್ಲಿ ಒಂದು ಗಳಿಗೆ ಗೊರಗೊರ ಎಂದಿತು. ಏನಾಯಿತೆಂದು ರೇಣುಕಪ್ರಸಾದ್ ಬಗ್ಗಿ ನೋಡಿದರು. ಅಷ್ಟರಲ್ಲಿ ತುಂಬಾ ದಿನದಿಂದ ಒಳಗೆ ಸಿಕ್ಕಿಕೊಂಡಿದ್ದ ಗಾಳಿಯೆಲ್ಲ ಒಂದೇ ಸಲಕ್ಕೆ ನುಗ್ಗಿ, ನೀರು ಅವರ ಬಿಳಿ ಶರ್ಟಿಗೆ, ಮುಖಕ್ಕೆ, ಕನ್ನಡಕಕ್ಕೆ ರಾಚಿತು. ರೇಣುಕಪ್ರಸಾದ್ ಕನ್ನಡಕ ತೆಗೆದು, ತುಟಿ ಸವರಿಕೊಂಡು, "ನೀರೇನೋ ಸಿಹಿಯಾಗೈತೆ" ಎಂದರು. ಆ ನಗು ನಿಲ್ಲಲು ಬಹಳ ಹೊತ್ತು ಬೇಕಾಯಿತು. ಫೋಟೋ ತೆಗೆಯಬೇಕೆಂದು ಆ ದಿನ ಯಾರಿಗೂ ನೆನಪಾಗಲಿಲ್ಲ. ನೆನಪಾಗಬೇಕಾದವರ ಫೋನೂ ಒದ್ದೆಯಾಗಿತ್ತು.

ಬೊಳ್ಳಪ್ಪನ ಮನೆಯ ಬಾಗಿಲು ಅಗಲ ಮಾಡಲು ಎರಡು ದಿನ ಹಿಡಿಯಿತು. ಮೂರನೆಯ ದಿನ ಬೆಳಗ್ಗೆ ಸುಲೋಚನಮ್ಮ ಬಂದು ನೋಡಿದಾಗ ಕುರ್ಚಿಯ ಮೇಲಿನ ಮೆಣಸೆಲ್ಲ ಚಾಪೆಗೆ ಇಳಿದಿತ್ತು. ಬೊಳ್ಳಪ್ಪ ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒಳಮನೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದ. ಮಹದೇವಪ್ಪನವರು ಹಿಂದೆ ನಿಂತು ಮೆಲ್ಲಗೆ ತಳ್ಳಿದರು. ಕುರ್ಚಿ ಎಲ್ಲೂ ತಾಗದೆ ಬಾಗಿಲು ದಾಟಿ, ಹಲಗೆಯ ಮೇಲಿಳಿದು ಅಂಗಳಕ್ಕೆ ಬಂತು. ಬಿಸಿಲಿಗೆ ಬೊಳ್ಳಪ್ಪ ಕಣ್ಣು ಕಿರಿದು ಮಾಡಿಕೊಂಡ.

"ಎಲ್ಲಿಗೆ ಹೋಗಣ ಬೊಳ್ಳಪ್ಪ?" ಎಂದು ಸುಲೋಚನಮ್ಮ ಕೇಳಿದರು.

"ಬಸ್ ಸ್ಟ್ಯಾಂಡಿಗೆ ಹೋಗಣಕ್ಕ. ಜನ ನೋಡ್ಬೇಕು."

ಬಸ್ ಸ್ಟ್ಯಾಂಡಿನಲ್ಲಿ ಕ್ಲಬ್ಬಿನ ಆರು ಜನ ಹಾರೆ ಹಿಡಿದು ಬೆಂಚು ಕೀಳುತ್ತಿದ್ದರು. ಬೊಳ್ಳಪ್ಪ ಯಾರೂ ಕೇಳದಿದ್ದರೂ ಮೇಸ್ತ್ರಿಗಿರಿ ಶುರುಮಾಡಿದ. "ಇನ್ನೊಂಚೂರು ಎಡಕ್ಕೆ. ಶನಿವಾರಸಂತೆ ಊರಿನ ಬಸ್ಸು ಆ ತಿರುವಲ್ಲಿ ಬತ್ತದೆ. ಅದು ಕಾಣ್ಬೇಕು. ಹ್ಞಾ, ಈಗ ಬಿಡಿ." ಬೆಂಚು ಕೂತ ಕೂಡಲೇ ಸಂತೆಚೀಲ ಹಿಡಿದಿದ್ದ ಇಬ್ಬರು ಮುದುಕಿಯರು, ಯಾರ ಅಪ್ಪಣೆಗೂ ಕಾಯದೆ ಬಂದು ಕೂತುಬಿಟ್ಟರು.

ಬೊಳ್ಳಪ್ಪ ಮಹದೇವಪ್ಪನವರ ಕಡೆ ತಿರುಗಿದ. "ನಾನೂ ಸೇರ್ಕೋಬೋದಾ ನಿಮ್ಮ ಕ್ಲಬ್ಬಿಗೆ? ಕಾಲು ಆಡಲ್ಲ, ಬಾಯಿ ಆಡ್ತದೆ."

"ಬಾಯಿ ಇರೋರೇ ಬೇಕಾಗಿರೋದು ನಮಗೆ" ಎಂದರು ಮಹದೇವಪ್ಪನವರು. ಹೇಳಿದ ಮೇಲೆ ಎದುರಿನ ಕಟ್ಟಡದತ್ತ ನೋಡಿದರು. ಮಹಡಿಗೆ ಇಪ್ಪತ್ತೆರಡು ಕಡಿದಾದ ಮೆಟ್ಟಿಲು. ಸುಲೋಚನಮ್ಮನೂ ಅದನ್ನೇ ನೋಡುತ್ತಿದ್ದರು. ಪಾತ್ರೆ ಹೊತ್ತು ಹತ್ತಿದ ಅವರ ಮಂಡಿಗೆ ಅದರ ಲೆಕ್ಕ ಚೆನ್ನಾಗಿ ಗೊತ್ತಿತ್ತು.

"ನಮ್ಮ ಮೆಸ್ಸಿಗೆ ಮೆಟ್ಲೇ ಇಲ್ಲ" ಎಂದರು ಅವರು.

ಅಂದಿನಿಂದ ಮಿತ್ರ ಸೇವಾ ಕ್ಲಬ್ಬಿನ ಸಭೆ ಸುಲೋಚನಮ್ಮನ ಮೆಸ್ಸಿನಲ್ಲಿ ನಡೆಯುತ್ತಿದೆ. ತಿಂಡಿಯನ್ನು ಈಗ ಮೆಂಬರುಗಳೇ ಸರದಿಯಂತೆ ಮಾಡುತ್ತಾರೆ. ಮೊದಲನೆಯ ಸಭೆಗೆ ಅಡುಗೆಯ ಪಾಳಿ ರೇಣುಕಪ್ರಸಾದರದ್ದು. ಅವರು ಉಪ್ಪಿಟ್ಟಿಗೆ ರವೆ ಹುರಿಯುವುದನ್ನೇ ಮರೆತಿದ್ದರು. ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಿರುವಾಗ ಬೊಳ್ಳಪ್ಪ ಎರಡನೆಯ ಸಲ ಹಾಕಿಸಿಕೊಂಡು, "ರಿಪೇರಿ ಮಾಡ್ಬೋದು, ಬಿಸಾಕ್ಬೇಡಿ" ಎಂದ. ಸುಲೋಚನಮ್ಮ ನಗುತ್ತಾ ಎದ್ದು ಒಲೆಯ ಕಡೆ ಹೋಗುವಷ್ಟರಲ್ಲಿ ಮಹದೇವಪ್ಪನವರು ಅಡ್ಡ ಬಂದರು.

"ನೀವು ಕೂತ್ಕೊಳಿ ಅಕ್ಕ, ಸಭೆ ನಡೀತಾ ಐತೆ. ಹೇಳಿ, ಮುಂದಿನ ಭಾನುವಾರ ಎಲ್ಲಿಗೆ?"

ಸುಲೋಚನಮ್ಮ ಕೂತರು. ಹೇಳುವುದು ಬಹಳವಿತ್ತು, ಅಂಗನವಾಡಿಗೆ ಕ್ಲಬ್ಬು ಕೊಟ್ಟಿದ್ದ ತಕ್ಕಡಿಯಿಂದ ಶುರುಮಾಡಿದರು.