ಮೊದಲ ನೀರು

ಅಪ್ಪನ ಬಿಳಿ ಅಂಗಿಯನ್ನು ಅಪ್ಪನದೇ ಮೇಜಿನ ಮೇಲೆ ಹರಡಿ ಅವಳು ಕಾಲರಿಗೆ ಇಸ್ತ್ರಿ ಒತ್ತುತ್ತಿದ್ದಾಗ, ಅತ್ತೆ ಬಾಗಿಲಲ್ಲೇ ನಿಂತು ಮೂಗು ಮುರಿದಳು.

"ಊರೋರ ಬಟ್ಟೆಗೆಲ್ಲ ಗೆರೆ ಕೂರಿಸ್ದೋನು ಕಣೆ ನಮ್ಮಣ್ಣ. ಕಾಲರ್ ಹೀಗೆ ಕಿವಿ ಎತ್ಕೊಂಡಿದ್ರೆ ಪೆಟ್ಟಿಗೆಯಿಂದ ಎದ್ದು ಬಂದು ಇಸ್ತ್ರಿ ಕಿತ್ಕೊಳ್ತಾನೆ, ನೋಡ್ತಿರು."

"ಬರ್ಲಿ ಅತ್ತೆ. ಒಂದು ಮಾತು ಹೇಳೋದಿತ್ತು."

ಅತ್ತೆ ನಗಲಿಲ್ಲ. ಒಳಗೆ ಬಂದು ದನಿ ತಗ್ಗಿಸಿದಳು. "ಹನ್ನೊಂದಕ್ಕೆ ಬಲಿಪೂಜೆ. ಅದಕ್ಕೆ ಮುಂಚೆ ಫಾದರ್ ಪಾಪನಿವೇದನೆ ಕೇಳ್ತಾರಂತೆ. ಹದಿನೆಂಟು ವರ್ಷದಿಂದ ಎಲ್ರೂ ಪ್ರಸಾದಕ್ಕೆ ಎದ್ದು ಹೋಗುವಾಗ ನೀನೊಬ್ಳೇ ಬೆಂಚಿಗೆ ಅಂಟ್ಕೊಂಡು ಕೂತಿರ್ತೀಯ. ಅಪ್ಪನ ಪೂಜೇಲಾದ್ರೂ ಪ್ರಸಾದ ತಗೊಳೇ. ಜನ ಏನಂದ್ಕೊಳ್ತಾರೆ?"

"ನಂಗೆ ನಂಬಿಕೆ ಇಲ್ಲ ಅಂದ್ಕೊಳ್ತಾರೆ."

ಹಾಗೆಂದು ಹೇಳಿಕೊಂಡು ತಿರುಗುವುದು ಸುಲಭವಾಗಿತ್ತು. ನೀರು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಅವಳ ಕೆಲಸ. ಓದಿದವಳು, ಬಿಡಿ, ಎಂದು ಜನ ಸುಮ್ಮನಾಗುತ್ತಿದ್ದರು. ನಿಜ ಬೇರೆಯೇ ಇತ್ತು. ಅದನ್ನು ಅಪ್ಪನಿಗೆ ಹೇಳಲೆಂದು ಆಸ್ಪತ್ರೆಯಲ್ಲಿ ಮೂರು ದಿನ ಬಾಯಿ ತೆರೆದು, ಮುಚ್ಚಿದ್ದಳು. ನಾಲ್ಕನೆಯ ಬೆಳಿಗ್ಗೆ ಅಪ್ಪನೇ ಇರಲಿಲ್ಲ.

*

ಗಿರಾಕಿಗಳ ಬಟ್ಟೆಯ ಜೊತೆ ಅಪ್ಪ ಎಂದೂ ಬೆರೆಸದ ಗಂಟೊಂದಿತ್ತು: ದೇವಾಲಯದಲ್ಲಿ ಪ್ರಸಾದದ ರೊಟ್ಟಿ ಇಡುವ ಬಲಿಪೀಠದ ಬಟ್ಟೆಗಳು. ಪ್ರತಿ ಗುರುವಾರ ಅವನ್ನು ಬೇರೆ ಬೋಗುಣಿಯಲ್ಲಿ ನೆನೆಸುತ್ತಿದ್ದ. ಆ ಮೊದಲ ನೀರನ್ನು ಬಚ್ಚಲಿಗೆ ಚೆಲ್ಲುವಂತಿಲ್ಲ, ಹಿತ್ತಲಿನ ಮಣ್ಣಿಗೇ ಹಾಕಬೇಕು. "ಒಂದು ಕಣ ಇದ್ರೂ ಅದು ರೊಟ್ಟಿ ಅಲ್ಲ, ಯೇಸುಸ್ವಾಮಿ. ಅವ್ರನ್ನ ಮೋರಿಗೆ ತಳ್ತೀಯಾ?" ಎನ್ನುತ್ತಿದ್ದ.

ಅವಳಿಗೆ ಹನ್ನೆರಡು ತುಂಬಿದ ವರ್ಷ, ಒಂದು ಗುರುವಾರ ಅಪ್ಪ ಜ್ವರದಿಂದ ಹಾಸಿಗೆ ಹಿಡಿದ. ಬೋಗುಣಿ ಭಾರವಿತ್ತು. ಹಿತ್ತಲಲ್ಲಿ ಮಳೆ ಹುಯ್ಯುತ್ತಿತ್ತು. ಬಚ್ಚಲು ಎರಡೇ ಹೆಜ್ಜೆ. ನೀರು ಗುಳುಗುಳು ಎಂದು ಇಳಿದುಹೋಯಿತು.

"ಮಣ್ಣಿಗೇ ಹಾಕ್ದೆ ತಾನೆ, ಪುಟ್ಟಿ?"

"ಹೂಂ ಅಪ್ಪ."

ಆ ಭಾನುವಾರ ಪ್ರಸಾದ ಅವಳ ಅಂಗುಳಿಗೆ ಅಂಟಿ ಸಂಜೆಯವರೆಗೂ ಕರಗಲಿಲ್ಲ. ಮತ್ತೆಂದೂ ಅವಳು ಆ ಸಾಲಿನಲ್ಲಿ ನಿಲ್ಲಲಿಲ್ಲ. ಯಾಕೆಂದು ಅಪ್ಪ ಒಂದು ಸಲವೂ ಕೇಳಲಿಲ್ಲ.

*

ಅಂಗಿ ತೊಡಿಸಿ ಗುಂಡಿ ಹಾಕುವಷ್ಟರಲ್ಲಿ ದೇವಾಲಯದ ಉಪದೇಶಿ ಬಂದ.

"ಅಮ್ಮಾ, ಮುಂದಿನ ರಸ್ತೆ ಬೇಡ. ಹಿಂದಿನ ಓಣೀಲಿ ಹೋಗೋಣ. ಅಲ್ಲಿ ಮೋರಿ ಮುಚ್ಚಳದ ಪಕ್ಕ ಒಂದ್ನಿಮಿಷ ಪೆಟ್ಟಿಗೆ ಇಳಿಸ್ಬೇಕು. ನಿಮ್ಮಪ್ಪ ನನ್ ಹತ್ರ ಮಾತು ತಗೊಂಡಿದ್ರು."

"ಮೋರಿ ಪಕ್ಕಾನಾ?" ಅತ್ತೆ ಕಣ್ಣು ಅಗಲಿಸಿದಳು. "ಊರಲ್ಲಿ ಬೇರೆ ಜಾಗ ಸಿಗ್ಲಿಲ್ವಂತಾ ಅವನಿಗೆ?"

"ಗುರುವಾರ ಗುರುವಾರ ಅಲ್ಲೇ ಮಂಡಿಯೂರಿ ಜಪಸರ ಹೇಳ್ತಿದ್ರು. ತಲೆ ಕೆಟ್ಟಿದೆ ಅಂತ ಓಣಿಯೋರು ನಗೋರು. ನಾನೇ ಒಂದಿನ ಕೇಳ್ದೆ. 'ಯೇಸುಸ್ವಾಮಿ ಕೆಳಗೆ ಒಬ್ರೇ ಇದಾರಪ್ಪ, ಜೊತೆಗಿರೋಣ ಅಂತ' ಅಂದ್ರು."

ಅವಳ ಬೆರಳು ಕೊನೆಯ ಗುಂಡಿಯ ಮೇಲೇ ನಿಂತಿತು. "ಯಾವಾಗಿಂದ?"

"ನಾನು ಇಲ್ಲಿಗೆ ಬಂದಾಗಿಂದ್ಲೂ ನೋಡಿದೀನಿ." ಉಪದೇಶಿ ಪೆಟ್ಟಿಗೆಯತ್ತ ನೋಡಿ ದನಿ ಇಳಿಸಿದ. "ಪ್ರಾರ್ಥನೇಲಿ ಅರ್ಧ ಹೇಳಿ ಸುಮ್ನಾಗೋರು ಅಮ್ಮಾ. ಉಳಿದರ್ಧ ಯಾರೋ ಹೇಳ್ತಿರೋ ಹಾಗೆ, ಸರಿಯಾಗಿ ಅಷ್ಟೇ ಹೊತ್ತು ಕಾಯೋರು. ಆಮೇಲೆ ಮುಂದಿನದು."

ಅಪ್ಪನಿಗೆ ಗೊತ್ತಿತ್ತು. ಅವಳು ಗುಂಡಿ ಹಾಕಿದಳು. ಕೈ ತಣ್ಣಗಾಗಿತ್ತು, ಅಪ್ಪನ ಎದೆಗಿಂತ.

ಓಣಿಯಲ್ಲಿ ನಾಲ್ವರು ಪೆಟ್ಟಿಗೆಯನ್ನು ಮುಚ್ಚಳದ ಪಕ್ಕ ಇಳಿಸಿದರು. ಫಾದರ್ ತೀರ್ಥ ಚಿಮುಕಿಸಿ, ತುಟಿ ಅಲುಗಿಸಿ, ಹೊರಡಲು ತಲೆಯಾಡಿಸಿದರು. ನಾಲ್ವರೂ ಬಗ್ಗಿ ಎತ್ತಿದರು. ಪೆಟ್ಟಿಗೆ ಬರಲಿಲ್ಲ.

"ಏನ್ರೋ, ಬೆಳಿಗ್ಗೆಯಿಂದ ಏನೂ ತಿಂದಿಲ್ವಾ?" ಅತ್ತೆ ಗದರಿದಳು. "ಕಡ್ಡಿ ಹಾಗಿದ್ದ ನಮ್ಮಣ್ಣ."

ಇನ್ನಿಬ್ಬರು ಕೈ ಹಾಕಿದರು. ಕತ್ತಿನ ನರಗಳು ಉಬ್ಬಿದವು, ಹಿಡಿಗಳು ಕಿರುಗುಟ್ಟಿದವು. ನೆಲಕ್ಕೂ ಪೆಟ್ಟಿಗೆಗೂ ನಡುವೆ ಕೂದಲೆಳೆಯಷ್ಟೂ ಸಂದು ಬಿಡಲಿಲ್ಲ. ಕೆಳಗೆ ನೀರು ಹರಿಯುವುದಷ್ಟೇ ಕೇಳುತ್ತಿತ್ತು. ಸ್ವಲ್ಪ ಹರಿದು, ತಡೆದು, ಮತ್ತೆ ಸ್ವಲ್ಪ ಹರಿದು.

ಅವಳು ಮುಚ್ಚಳದ ಮೇಲೆ ಮಂಡಿಯೂರಿದಳು. ಪಿಸುಗುಟ್ಟಬಹುದಿತ್ತು. ಎಲ್ಲರಿಗೂ ಕೇಳುವಂತೆಯೇ ಹೇಳಿದಳು.

"ಅಪ್ಪಾ, ಮಣ್ಣಿಗೆ ಹಾಕ್ಲಿಲ್ಲ. ಬಚ್ಚಲಿಗೆ ಸುರಿದೆ. ನಿಂಗೆ ಸುಳ್ಳು ಹೇಳ್ದೆ. ಆ ಸುಳ್ಳು ಬಾಯಲ್ಲಿಟ್ಕೊಂಡೇ ಪ್ರಸಾದ ತಗೊಂಡೆ."

ಕೆಳಗಿನ ಸದ್ದು ನಿಂತುಹೋಯಿತು. ಯಾರೋ ಉಸಿರು ಬಿಗಿಹಿಡಿದು ಆಲಿಸುತ್ತಿದ್ದರೆ ಆಗುವಂಥ ಮೌನ.

ಆಮೇಲೆ ಮುಚ್ಚಳದ ತೂತುಗಳಿಂದ ನೀರು ಮೇಲೆದ್ದಿತು. ಮೋರಿಯ ನೀರನ್ನು ದಿನವೂ ಶೀಶೆಗಳಲ್ಲಿ ಹಿಡಿದು ನೋಡುವವಳಿಗೆ ಅದರ ಬಣ್ಣ ಗೊತ್ತು, ನಾತ ಗೊತ್ತು. ಇದಕ್ಕೆ ಎರಡೂ ಇರಲಿಲ್ಲ. ತಿಳಿಯಾದ ನೀರು ಅವಳ ಮಂಡಿಗಳನ್ನು ಬಳಸಿ, ಪೆಟ್ಟಿಗೆಯ ಅಡಿಗೆ ನುಸುಳಿ, ಗೋಡೆಯಿಂದ ಗೋಡೆಗೆ ಓಣಿಯುದ್ದಕ್ಕೂ ಹರಡಿತು.

ಯಾರೂ ಹಿಂದೆ ಸರಿಯಲಿಲ್ಲ. ಮೊದಲು ಅತ್ತೆ ಬಗ್ಗಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ ಉಪದೇಶಿ. ಆಮೇಲೆ ಪೆಟ್ಟಿಗೆ ಹೊತ್ತವರು, ಒಬ್ಬೊಬ್ಬರಾಗಿ. ಕೊನೆಗೆ ಫಾದರ್, ಒಂದು ಕೈಯಿಂದ ಗೋಡೆ ಹಿಡಿದು, ಬೂಟಿನ ಲೇಸು ಬಿಚ್ಚತೊಡಗಿದರು.