ಎಡಗಣ್ಣಿನ ನೀರು

ಹೋಳಿಗೆಯ ಮೊದಲ ತುತ್ತು ಬಾಯಿಗೆ ಹೋದದ್ದೇ ತಡ, ದ್ರಾಕ್ಷಾಯಣಮ್ಮನ ಎಡಗಣ್ಣಿನಿಂದ ನೀರು ಇಳಿಯಿತು. ಎದುರು ಸಾಲಿನಲ್ಲಿ ಕೂತಿದ್ದ ನೆಂಟರು ತಮ್ಮ ಎಲೆ ಬಿಟ್ಟು ಅವಳ ಮುಖ ನೋಡಿದರು. ಯಾರೋ ಲೊಚಗುಟ್ಟಿದರು. ಗಂಡ ಪಂಚಾಕ್ಷರಪ್ಪ ತೀರಿಕೊಂಡು ಅಂದಿಗೆ ವರ್ಷ. ದಾವಣಗೆರೆಯ ವಿದ್ಯಾನಗರದ ಆ ಮನೆಯಲ್ಲಿ ಪೂಜೆ ಮುಗಿದು, ಜಂಗಮರು ಉಂಡು ಹೋಗಿ, ಈಗ ಮನೆಯವರ ಪಂಕ್ತಿ ನಡೆದಿತ್ತು. ವರ್ಷದ ದಿನ ಹೆಂಡತಿಯಾದವಳು ಕಣ್ಣೀರಿಡುತ್ತ ಉಣ್ಣುವುದಕ್ಕಿಂತ ಒಪ್ಪುವ ನೋಟ ನೆಂಟರಿಗೆ ಇನ್ನೇನು ಬೇಕು?

"ನಾನು ಹೇಳಿದ್ದು ಇದನ್ನೇ" ಎಂದ ಮುರುಗೇಶಪ್ಪ. ಅವನು ಪಂಚಾಕ್ಷರಪ್ಪನ ಅಣ್ಣ, ಮನೆಯ ಹಿರಿಯ. "ವರ್ಷ ಆತು. ಒಂದು ತುತ್ತು ನೆಮ್ಮದಿಯಾಗಿ ಇಳೀತಿಲ್ಲ ಈಕೆಗೆ. ಇಂಥಾಕೆ ಹರಿಹರಕ್ಕೆ ಹೋಗಿ ಬಂದು ವ್ಯಾಪಾರ ಮಾಡೋದು ಹೆಂಗೆ?"

ಅವನ ದನಿಯಲ್ಲಿ ಕಪಟವೇನೂ ಇರಲಿಲ್ಲ. ಕನಿಕರವೇ ಇತ್ತು, ಅದೇ ತೊಂದರೆ. ಕಪಟವಿದ್ದರೆ ಜಗಳವಾದರೂ ಆಡಬಹುದಿತ್ತು. ಪಂಚಾಕ್ಷರಪ್ಪ ಹೋದ ಮೇಲೆ ದ್ರಾಕ್ಷಾಯಣಮ್ಮ ನಡೆಸುತ್ತಿದ್ದ ಹರಿಹರದ ಪಾತ್ರೆ ಅಂಗಡಿಯಲ್ಲಿ ಮುಂದಿನ ವಾರದಿಂದ ತನ್ನ ಮಗ ಬಕ್ಕೇಶ ಕೂರಲಿ, ದ್ರಾಕ್ಷಾಯಣಿ ಮನೆಯಲ್ಲಿ ಆರಾಮಾಗಿರಲಿ ಎಂದು ಮುರುಗೇಶಪ್ಪ ಬೆಳಿಗ್ಗೆಯೇ ಎಲ್ಲರ ಕಿವಿಗೆ ಹಾಕಿದ್ದ. ಊಟವಾದ ಮೇಲೆ ಹಿರಿಯರೆದುರು ಅವಳು ಅಂಗಡಿಯ ಕೀಲಿ ಕೊಟ್ಟರೆ ಮುಗಿಯಿತು. ಅವಳನ್ನು ಯಾರೂ ಕೇಳಿರಲಿಲ್ಲ. ಅಳುತ್ತಿರುವ ಹೆಂಗಸನ್ನು ಏನು ಕೇಳುವುದು?

ಗಂಡ ಹೋದ ಎರಡು ತಿಂಗಳಿಗೆ, ಒಂದು ಬೆಳಿಗ್ಗೆ ಮುಖ ತೊಳೆಯುವಾಗ ಮುಕ್ಕಳಿಸಿದ ನೀರು ತುಟಿಯ ಎಡಬದಿಯಿಂದ ತಾನಾಗಿ ಸೋರಿಹೋಗಿತ್ತು. ಕನ್ನಡಿ ನೋಡಿದರೆ ಎಡಗೆನ್ನೆ ಜೋತು ಬಿದ್ದಿದೆ, ಎಡರೆಪ್ಪೆ ಮುಚ್ಚುತ್ತಿಲ್ಲ. ಲಕ್ವ ಹೊಡೆದಿದೆ ಎಂದು ಮನೆಮಂದಿ ಗಾಬರಿಬಿದ್ದರು. ಮುರುಗೇಶಪ್ಪ ಕಾರು ಮಾಡಿಕೊಂಡು ಸೊಪ್ಪಿನ ಔಷಧಿ ಕಟ್ಟುವವನ ಬಳಿ ಕರೆದೊಯ್ದ. ಮರುದಿನ ದ್ರಾಕ್ಷಾಯಣಮ್ಮ ಆ ಪಟ್ಟಿ ಕಿತ್ತೊಗೆದು ಒಬ್ಬಳೇ ನರದ ಡಾಕ್ಟರ ಹತ್ತಿರ ಹೋದಳು. ನಿಧಾನಕ್ಕೆ ಮುಖ ಮುಕ್ಕಾಲುಪಾಲು ಮರಳಿತು. ಅದರ ಬೆನ್ನಿಗೇ ಈ ಹೊಸ ಬಾಧೆ ಶುರುವಾಯಿತು. ಏನು ಅಗಿದರೂ ಎಡಗಣ್ಣಲ್ಲಿ ನೀರು.

ಡಾಕ್ಟರು ಅಂಗೈಯನ್ನು ಅವಳ ಕೆನ್ನೆಗೆ ತಾಗದಂತೆ ಹಿಡಿದು, ಬೆರಳು ಅಗಲಿಸಿ ತೋರಿಸಿದ್ದರು. ಕಿವಿಯ ಹಿಂದಿನ ಎಲುಬಿನೊಳಗೆ ಒಂದು ಸಣ್ಣ ಸಂದಿ, ಅದರಿಂದ ಹೊರಬರುವ ಒಂದೇ ನರ. ಹಣೆ, ರೆಪ್ಪೆ, ಕೆನ್ನೆ, ತುಟಿ, ಕುತ್ತಿಗೆ ಎಂದು ಅದು ಕವಲೊಡೆದು ಅಲ್ಲಲ್ಲಿನ ಸ್ನಾಯುಗಳನ್ನು ಆಡಿಸುತ್ತದೆ. ಕಣ್ಣೀರಿನ ಗ್ರಂಥಿಗೂ ಜೊಲ್ಲಿನ ಗ್ರಂಥಿಗೂ ಅಪ್ಪಣೆ ಹೋಗುವುದು ಅದರ ಜೊತೆಯಲ್ಲೇ. ಸಂದಿಯಲ್ಲಿ ನರ ಬಾತುಕೊಂಡು ಅದರ ಎಳೆಗಳು ಸತ್ತಿದ್ದವು. ಮತ್ತೆ ಚಿಗುರುವಾಗ, ಜೊಲ್ಲಿಗೆ ಹೋಗಬೇಕಾದ ಕೆಲವು ಎಳೆಗಳು ದಾರಿ ತಪ್ಪಿ ಕಣ್ಣಿಗೆ ಹೋಗಿ ಸೇರಿಕೊಂಡಿವೆ. ಬಾಯಲ್ಲಿ ನೀರೂರುವ ಹೊತ್ತಿಗೆ ಕಣ್ಣಲ್ಲೂ ಊರುತ್ತದೆ, ಇದಕ್ಕೂ ದುಃಖಕ್ಕೂ ಸಂಬಂಧವಿಲ್ಲ ಎಂದಿದ್ದರು.

ಭಾನುವಳ್ಳಿಯಲ್ಲಿ ಹುಟ್ಟಿದ ದ್ರಾಕ್ಷಾಯಣಮ್ಮನಿಗೆ ಇದು ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಅವಳು ಚಿಕ್ಕವಳಿದ್ದಾಗ ಒಡೆದ ಕಾಲುವೆಯನ್ನು ಮತ್ತೆ ಕಟ್ಟಿದ ವರ್ಷ, ಅವರ ಗದ್ದೆಗೆ ಬರಬೇಕಾದ ನೀರು ಪಕ್ಕದವರ ಗದ್ದೆಗೆ ಹರಿದಿತ್ತು. ಅಪ್ಪ ಇಡೀ ಬೇಸಿಗೆ ಬದುವಿನ ಮೇಲೆ ನಿಂತು ಜಗಳವಾಡಿದ್ದ.

ಅರ್ಥವಾದದ್ದನ್ನು ಮನೆಯಲ್ಲಿ ಹೇಳಬೇಕೆಂದೇ ಅವತ್ತು ಡಾಕ್ಟರ ಹತ್ತಿರದಿಂದ ಬಂದಿದ್ದಳು. ಆದರೆ ಊಟಕ್ಕೆ ಕೂತಾಗ ಅತ್ತೆ ಹಾಲಮ್ಮ ಪಕ್ಕದಲ್ಲಿ ಕೂತು, ಸೊಸೆಯ ಕಣ್ಣು ನೋಡಿ ತಾನೂ ಅಳತೊಡಗಿದಳು. ಮಗನಿಗಾಗಿ ಅಳಲು ಮುದುಕಿಗೆ ಒಬ್ಬರು ಜೊತೆ ಸಿಕ್ಕಿದ್ದರು. ದ್ರಾಕ್ಷಾಯಣಮ್ಮ ಬಾಯಿ ಬಿಡಲಿಲ್ಲ. ಹಾಗೆ ಒಂದು ದಿನ ಸುಮ್ಮನಿದ್ದದ್ದು ತಿಂಗಳುಗಟ್ಟಲೆ ಸುಮ್ಮನಿರುವಂತಾಯಿತು. ಕೇರಿಯಲ್ಲಿ, ನೆಂಟರಲ್ಲಿ, ಹೆಂಡತಿ ಅಂದರೆ ಹಿಂಗಿರಬೇಕು ಎಂಬ ಮಾತೂ ಎದ್ದಿತು. ಪುಕ್ಕಟೆ ಬಂದ ಮರ್ಯಾದೆಯನ್ನು ಬೇಡವೆನ್ನಲು ಅವಳೇನು ಸನ್ಯಾಸಿಯೆ?

ಆದರೆ ಈಗ ಆ ಮರ್ಯಾದೆ ಅಂಗಡಿಯನ್ನೇ ಕೇಳುತ್ತಿತ್ತು. ಬೆಳಿಗ್ಗೆ ಬಸ್ಸು ಹತ್ತಿ, ಬಾತಿ ದಾಟಿ ಹರಿಹರದಲ್ಲಿಳಿದು, ಶೆಟರ್ ಎತ್ತಿ, ಕೊಳಗ ಕೊಡಪಾನಗಳನ್ನು ಹೊರಗೆ ಜೋಡಿಸುವಾಗ ಅವಳಿಗೆ ಆಗುತ್ತಿದ್ದ ಸಂತೋಷ ಇಷ್ಟು ವರ್ಷದ ಸಂಸಾರದಲ್ಲಿ ಆಗಿರಲಿಲ್ಲ. ಗಂಡ ಇದ್ದಾಗ ಅವಳು ಅಂಗಡಿಯ ಮೆಟ್ಟಿಲು ಹತ್ತಿದ್ದು ದೀಪಾವಳಿಯ ಪೂಜೆಗೆ ಮಾತ್ರ.

"ಆಗಲಿ ತಗೋ, ಉಣ್ಣು ಈಗ. ಅಳಬ್ಯಾಡ" ಎಂದ ಮುರುಗೇಶಪ್ಪ.

ದ್ರಾಕ್ಷಾಯಣಮ್ಮ ಬಾಯಲ್ಲಿದ್ದದ್ದನ್ನು ನುಂಗಿ ತಲೆಯೆತ್ತಿದಳು. "ಭಾವ, ನಾನು ಅಳ್ತಿಲ್ಲ. ಉಣ್ತಿದೀನಿ."

ಪಂಕ್ತಿಯಲ್ಲಿ ಕೈಗಳು ನಿಂತವು. ಅವಳು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು, ಕಿವಿಯ ಹಿಂದಿನಿಂದ ಹಿಡಿದು ಕಣ್ಣಿನ ತನಕ ಎಡಗೈ ಬೆರಳಿನಲ್ಲಿ ಗೆರೆ ಎಳೆದು ತೋರಿಸಿದಳು. ಯಾರ ಮುಖದಲ್ಲೂ ನಂಬಿಕೆ ಕಾಣಲಿಲ್ಲ. ದುಃಖ ಹೆಚ್ಚಾಗಿ ಹೀಗೆ ಮಾತಾಡುತ್ತಿದ್ದಾಳೆ ಎಂದು ಎದುರಿನ ಹೆಂಗಸೊಬ್ಬಳು ಪಕ್ಕದವಳಿಗೆ ಪಿಸುಗುಟ್ಟಿದಳು. ದ್ರಾಕ್ಷಾಯಣಮ್ಮ ಬಡಿಸುತ್ತಿದ್ದ ಬಕ್ಕೇಶನನ್ನು ಕರೆದು ನಿಂಬೆಕಾಯಿ ಉಪ್ಪಿನಕಾಯಿ ಹಾಕಿಸಿಕೊಂಡಳು. ದೊಡ್ಡ ಹೋಳೊಂದನ್ನು ಎಲ್ಲರಿಗೂ ಕಾಣುವಂತೆ ಬಾಯಿಗಿಟ್ಟಳು. ಎಡಗಣ್ಣಿನ ನೀರು ಕೆನ್ನೆಯಿಂದ ಗದ್ದಕ್ಕೆ, ಗದ್ದದಿಂದ ಎಲೆಗೆ ತೊಟ್ಟಿಕ್ಕಿತು.

"ಬಲಗಣ್ಣು ನೋಡ್ರಿ. ದುಃಖ ಆದ್ರೆ ಎರಡರಾಗೂ ಬರತೈತೆ."

ಮುರುಗೇಶಪ್ಪನ ಮುಖ ಕೆಂಪಾಯಿತು. ತಮ್ಮನ ವರ್ಷದ ದಿನ, ಗೋಡೆಯ ಮೇಲೆ ಅವನ ಫೋಟೋಕ್ಕೆ ಹಾಕಿದ ಹಾರ ಇನ್ನೂ ಬಾಡಿಲ್ಲ, ಅಳುತ್ತಿಲ್ಲ ಎಂದು ಹೇಳಲು ನಾಚಿಕೆಯಾಗುವುದಿಲ್ಲವೇ ಎಂದು ಕೇಳಿದ.

"ಉಪ್ಪಿನಕಾಯಿಗೆ ಬಂದ ನೀರನ್ನ ಅವರ ಹೆಸರಿಗೆ ಹಾಕ್ಕೊಂಡು ಇಷ್ಟು ದಿನ ಸುಮ್ನಿದ್ದೆನಲ್ಲ, ನಾಚಿಕೆ ಅದಕ್ಕೆ ಆಗತೈತೆ" ಎಂದಳು. "ಬಕ್ಕೇಶ ಬರೋದಾದ್ರೆ ಬರ್ಲಿ, ಕೆಲಸ ಕಲೀಲಿ. ಅಂಗಡಿ ನಾನು ನಡೆಸ್ತೀನಿ. ಕೀಲಿ ಕೊಡಲ್ಲ."

ಪಕ್ಕದಲ್ಲಿ ಹಾಲಮ್ಮ ಕೂತಿದ್ದಳು. ಈಗ ಸೊಸೆಯ ಕಡೆ ತಿರುಗಿದಳು. "ದಿನಾ ನನ್ನ ಜೊತಿ ಕೂತು ಅಳ್ತಿದ್ದೆಲ್ಲ, ಅದೂ ಸುಳ್ಳೇನವ್ವಾ?"

ಇದೊಂದು ಪ್ರಶ್ನೆಗೆ ದ್ರಾಕ್ಷಾಯಣಮ್ಮ ಹೆದರಿದ್ದಳು. ಇಲ್ಲ ಅತ್ತೆಮ್ಮ, ಅದು ನಿಜದ ಅಳು ಎಂದುಬಿಟ್ಟರೆ ಮುದುಕಿಗೆ ಸಮಾಧಾನ. ಆದರೆ ಅಷ್ಟು ಅಂದರೆ ಸಾಕು, ಮುರುಗೇಶಪ್ಪ ಮತ್ತೆ ಕನಿಕರ ತೆಗೆದುಕೊಂಡು ಕೂರುತ್ತಾನೆ.

"ಅಳು ನಿಮ್ಮದು ಅತ್ತೆಮ್ಮ. ನಾನು ಉಣ್ತಿದ್ದೆ. ಅವರಿಗೋಸ್ಕರ ಒಂದು ಸಲ ಅತ್ತೀನಿ, ಅಂಗಡ್ಯಾಗೆ, ಶೆಟರ್ ಎಳಕೊಂಡು. ಅದನ್ನ ಯಾರೂ ನೋಡಿಲ್ಲ. ತೋರ್ಸೋದೂ ಇಲ್ಲ."

ಮುದುಕಿಯ ಎರಡೂ ಕಣ್ಣು ತುಂಬಿದ್ದವು. ಇನ್ನು ಅತ್ತೆ ತನ್ನ ಜೊತೆ ಮಾತಾಡುವುದಿಲ್ಲ ಎಂದುಕೊಂಡಳು ದ್ರಾಕ್ಷಾಯಣಮ್ಮ. ಅಷ್ಟರಲ್ಲಿ ಮುರುಗೇಶಪ್ಪ ಎಲೆ ಮಡಚಿ, ಏಳಲು ಒಂದು ಕೈ ನೆಲಕ್ಕೆ ಊರಿದ. ಅವನ ಹಿಂದೆಯೇ ಇನ್ನಿಬ್ಬರು ಎಲೆ ಮಡಚಿದರು.

"ಕೂಡು ಮುರುಗೇಶ" ಎಂದಳು ಹಾಲಮ್ಮ. "ಪಂಕ್ತ್ಯಾಗೆ ಒಬ್ರು ಉಣ್ತಿರುವಾಗ ಎದ್ದು ಹೋಗೋ ರೂಢಿ ಈ ಮನ್ಯಾಗಿಲ್ಲ."

ಮುರುಗೇಶಪ್ಪ ಅರ್ಧಕ್ಕೆದ್ದವನು ತಾಯಿಯ ಮುಖ ನೋಡಿ ಕೂತ. ಮಿಕ್ಕವರೂ ಕೂತರು. ಒಬ್ಬೊಬ್ಬರ ಊಟವೂ ಮುಗಿಯುತ್ತ ಬಂತು. ಮಜ್ಜಿಗೆ ಕುಡಿದಾಯಿತು, ಫ್ಯಾನಿನ ಗಾಳಿಗೆ ಎಂಜಲು ಕೈ ಒಣಗತೊಡಗಿದವು. ದ್ರಾಕ್ಷಾಯಣಮ್ಮನ ಎಡಗೆನ್ನೆ ಇನ್ನೂ ಪೂರ್ತಿ ಹಿಡಿತಕ್ಕೆ ಬಂದಿರಲಿಲ್ಲ, ಬಲಗಡೆಯೇ ಅಗಿಯಬೇಕು, ಹೊತ್ತು ಹಿಡಿಯುತ್ತದೆ. ಅವಳು ಹೋಳಿಗೆ ಮುಗಿಸಿದಳು. ಬದನೆಕಾಯಿ ಪಲ್ಯ ಮುಗಿಸಿದಳು. ಆಮೇಲೆ ಬಕ್ಕೇಶನ ಕಡೆ ನೋಡಿ ಅನ್ನ ಹಾಕು ಎಂದಳು, ಸಾರು ಹಾಕಿಸಿಕೊಂಡಳು, ಮತ್ತು ಒದ್ದೆ ಕೆನ್ನೆಯನ್ನು ಒರೆಸಿಕೊಳ್ಳದೆ ನಿಧಾನವಾಗಿ ಕಲಸತೊಡಗಿದಳು.