ಎರಡನೇ ಚರಣ

"ಏ ರೋಜಾ, ನಕ್ಷತ್ರ ಎಲ್ಲಿಟ್ಟೀಯೇ?" ಅಟ್ಟದ ಮೇಲಿಂದ ಕನಕರಾಜ್ ಕೂಗಿದ.

"ಟ್ರಂಕಿನ ಹಿಂದೆ ಐತೆ ನೋಡ್ರಿ."

"ಇಲ್ಲಿ ಯಾವ ನಕ್ಷತ್ರಾನೂ ಇಲ್ಲ."

ರೋಜಾ ಹೊಲಿಗೆ ಮಿಷನ್ನಿನಿಂದ ಕಾಲು ತೆಗೆದಳು. ಯಾರದೋ ಬಿಳಿ ರವಿಕೆಯ ತೋಳು ಸೂಜಿಯ ಕೆಳಗೆ ಅರ್ಧಕ್ಕೇ ನಿಂತಿತು. ಏಣಿ ಹತ್ತಿ, ಗಂಡನ ಮೊಣಕೈ ಪಕ್ಕದಲ್ಲೇ ಇದ್ದ ಕ್ರಿಸ್ಮಸ್ ನಕ್ಷತ್ರದ ಚೀಲವನ್ನು ಎಳೆದು ಅವನ ಕೈಗಿಟ್ಟು ಇಳಿದು ಬಂದಳು. ಕನಕರಾಜ್ ಧರ್ಮಪುರದ ರೂಟಿನಲ್ಲಿ ಬಸ್ ಓಡಿಸುವವನು. ಎಷ್ಟೋ ದೂರದಲ್ಲಿ ರಸ್ತೆ ದಾಟುವ ಕುರಿಮಂದೆ ಅವನಿಗೆ ಕಾಣುತ್ತಿತ್ತು, ಮೂಗಿನ ಕೆಳಗಿನ ಚೀಲ ಮಾತ್ರ ಕಾಣುತ್ತಿರಲಿಲ್ಲ.

ಹಿರಿಯೂರಿನ ಆ ಓಣಿಯಲ್ಲಿ ರೋಜಾಳ ಮನೆ ಎಂದರೆ ಅಚ್ಚುಕಟ್ಟು ಎಂಬ ಹೆಸರಿತ್ತು. ಹೆಸರು ಬಂದ ಮೇಲೆ ಅದನ್ನು ಉಳಿಸಿಕೊಳ್ಳಬೇಕಲ್ಲ, ಆ ಕೆಲಸವೂ ಅವಳ ತಲೆಗೇ ಬಿದ್ದಿತ್ತು. ಡಿಸೆಂಬರ್ ಬಂತೆಂದರೆ ಹೊಲಿಯಲು ಬಂದ ಬಟ್ಟೆಯ ಗಂಟುಗಳು ಬಾಗಿಲ ತನಕ ಸಾಲುಗಟ್ಟುತ್ತಿದ್ದವು. ಅದರ ನಡುವೆ ಗೋಡೆಗೆ ಸುಣ್ಣ, ನೆಂಟರ ಕಂಬಳಿಗಳಿಗೆ ಬಿಸಿಲು, ಕರ್ಜಿಕಾಯಿ, ಚಕ್ಕುಲಿ. ಡಬ್ಬಿ ತುಂಬಿಟ್ಟರೆ ಹಬ್ಬದ ತನಕ ಉಳಿಯುತ್ತವೆಂಬ ನಂಬಿಕೆಯೂ ಇರಲಿಲ್ಲ. ಹಾಗಾಗಿ ಒಂದು ಡಬ್ಬಿಯನ್ನು ಅಕ್ಕಿಯ ಡ್ರಮ್ಮಿನೊಳಗೆ ಬಚ್ಚಿಡುವುದೂ ಅವಳದೇ ಕೆಲಸ.

ಅತ್ತೆ ಏಕನಾಥಮ್ಮನಿಗೆ ದೀಕ್ಷಾಸ್ನಾನದಲ್ಲಿ ಬೇರೆ ಹೆಸರಿಟ್ಟಿದ್ದರೂ ಊರು ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಮಂಡಿನೋವಿನ ಆ ಮುದುಕಿ ಮಾಡುತ್ತಿದ್ದ ಹಬ್ಬದ ಕೆಲಸ ಒಂದೇ, ಬಾಲಯೇಸುವನ್ನು ಮಲಗಿಸುವ ಗೋದಲಿಯ ಹುಲ್ಲಿಗೆಂದು ತಟ್ಟೆಯಲ್ಲಿ ರಾಗಿ ಚೆಲ್ಲಿ ನೀರು ಹಾಕುವುದು. ಈ ಸಲ ಹಿಂದಿನ ಮನೆಯ ಚಿತ್ತಯ್ಯ ಒಂದು ಹಿಡಿ ಕುರಿಗೊಬ್ಬರ ತಂದುಕೊಟ್ಟಿದ್ದರಿಂದ ಪೈರು ಹುಚ್ಚೆದ್ದು ಬೆಳೆದಿತ್ತು. ಮಣ್ಣಿನ ಕುರಿಗಳನ್ನು ಇಟ್ಟರೆ ಕಿವಿಯೂ ಕಾಣುತ್ತಿರಲಿಲ್ಲ.

"ಇರ್ಲಿ ಬಿಡು, ಹೊಟ್ಟೆ ತುಂಬ ಮೇಯ್ಲಿ," ಎಂದಳು ಏಕನಾಥಮ್ಮ.

ರೋಜಾಳಿಗೆ ಈ ಹಬ್ಬದಲ್ಲಿ ಬೇಕಾಗಿದ್ದುದು ಒಂದೇ ಒಂದು. ಮಗಳು ಅಂಜಲಿ ಚರ್ಚಿನಲ್ಲಿ ಒಬ್ಬಳೇ ನಿಂತು ಹಾಡುವುದನ್ನು ಮೊದಲಿಂದ ಕೊನೆಯವರೆಗೆ ಕೂತು ಕೇಳಬೇಕು. ವಿಶೇಷ ಗೀತೆ ಬರುವುದು ಪಾದ್ರಿ ಅಯ್ಯನವರ ಪ್ರಸಂಗ, ಅಂದರೆ ಉಪದೇಶ, ಮುಗಿದ ಮೇಲೆ. ಪ್ರಸಂಗ ಶುರುವಾಗುವ ಹೊತ್ತಿಗೇ ರೋಜಾ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಓಡುತ್ತಿದ್ದವಳು. ನೆಂಟರು ಬರುವಷ್ಟರಲ್ಲಿ ಮಾಂಸ ಬೆಂದಿರಬೇಕಲ್ಲ. ಮದುವೆಯಾಗಿ ಬಂದ ವರ್ಷದಿಂದ ಹೀಗೇ. ಮನೆಯಲ್ಲಿ ಅಂಜಲಿ ಹಾಡಿಕೊಳ್ಳುತ್ತಿದ್ದಳು, ಆದರೆ ಮಿಷನ್ನಿನ ಸದ್ದಿನಲ್ಲಿ ಅರ್ಧ ಹೋಗುತ್ತಿತ್ತು. ಉಳಿದರ್ಧ 'ಎಲ್ಲೈತೆ', 'ಎಲ್ಲಿಟ್ಟೆ' ಎನ್ನುವವರ ಪಾಲು. ಅಂಜಲಿಗೆ ಮದುವೆ ಗೊತ್ತಾಗಿತ್ತು, ಮುಂದಿನ ಕ್ರಿಸ್ಮಸ್ಸಿಗೆ ಹುಡುಗಿ ಗಂಡನ ಊರಾದ ಭದ್ರಾವತಿಯಲ್ಲಿ ಇರುತ್ತಾಳೆ. ಅಲ್ಲಿ ಅವಳೂ ಪ್ರಸಂಗದ ಹೊತ್ತಿಗೆ ಎದ್ದು ಓಡುವವಳೇ ಆಗುತ್ತಾಳೋ ಏನೋ ಎಂದು ರೋಜಾ ಯೋಚಿಸುತ್ತಿದ್ದಳು.

ಚಿತ್ತಯ್ಯನ ಹೆಂಡತಿ ದೊಡ್ಡಕ್ಕನನ್ನು ಕೇಳಬಹುದು ಎಂದು ಹೊಳೆದರೂ ಬಾಯಿ ಬರಲಿಲ್ಲ. ಮಜ್ಜಿಗೆ ಕೇಳಲು ಹೋದಳು, ಬಂದಳು. ಕರಿಬೇವು ಕೊಡಲು ಹೋದಳು, ಬಂದಳು. ಮತ್ತೆ ಹೋದಾಗ ದೊಡ್ಡಕ್ಕನೇ ಕುರಿಮರಿಯ ಹಗ್ಗ ಬಿಟ್ಟು ಸೊಂಟದ ಮೇಲೆ ಕೈಯಿಟ್ಟಳು.

"ಏನವ್ವ ರೋಜವ್ವ, ಬಾಯಲ್ಲಿ ಏನಿಟ್ಕಂಡೀಯ? ಉಗುಳು."

"ಹಬ್ಬದ ದಿನ ಬೆಳಿಗ್ಗೆ ಒಂದೀಟು ನಮ್ಮ ಒಲೆ ನೋಡ್ಕಂತೀಯಾ ದೊಡ್ಡಕ್ಕ? ಅಂಜಲಿ ಒಬ್ಳೇ ಹಾಡ್ತಾಳೆ ಈ ಸಲ. ಪೂರ್ತಿ ಕೇಳ್ಬೇಕು ಅಂತ."

"ಇಷ್ಟಕ್ಕಾ? ಹೆತ್ತೋಳು ಕೇಳ್ದೆ ಇನ್ಯಾರು ಕೇಳ್ತಾರೆ. ಹೋಗವ್ವ, ಕುರಿ ಸಾಕೋ ನಂಗೆ ಕುರಿ ಬೇಯ್ಸಾಕೆ ಬರಲ್ವಾ?"

ಏಕನಾಥಮ್ಮ ಮಾತ್ರ ಮೂಗು ಮುರಿದಳು. "ಹಬ್ಬದ ಒಲೆ ಹಿಂದಿನ ಮನೆಯೋರ ಕೈಲಾ?"

"ಹೂಂ ಅತ್ತೆ," ಎಂದಳು ರೋಜಾ. ಹೇಳಿ ಮತ್ತೆ ಮಿಷನ್ನಿನ ಮುಂದೆ ಕೂತಳು.

ಹಬ್ಬದ ಹಿಂದಿನ ದಿನ ಚಿತ್ರದುರ್ಗದಿಂದ ನಾದಿನಿ ನೇತ್ರಾವತಿ ಮಕ್ಕಳ ಸಮೇತ ಬಂದಿಳಿದಳು. ಅಲ್ಲಿಂದ ಶುರು. "ಅತ್ತಿಗೆ, ಟವೆಲ್ ಎಲ್ಲೈತೆ?" "ಅತ್ತಿಗೆ, ಬಿಸಿನೀರು?" ಕ್ಯಾರಲ್ ತಂಡ ಬಂದು ಹಾಡಿ, ಚಹಾ ಕುಡಿದು, ಅಕ್ಕಿ ಡ್ರಮ್ಮಿನ ಡಬ್ಬಿಯನ್ನೂ ಖಾಲಿ ಮಾಡಿ ಹೋಯಿತು. ಅಂಜಲಿಯ ರವಿಕೆಗೆ ಹುಕ್ಕು ಹಾಕುವುದೊಂದು ಬಾಕಿ ಇತ್ತು. ಅದನ್ನು ಮುಗಿಸಿ ಮಿಷನ್ನಿಗೆ ಹೊದಿಕೆ ಹೊದಿಸಿದ ಮೇಲೆ ರೋಜಾ ಗೋಡೆಗೆ ಒರಗಿದಳೇ ಹೊರತು ಮಲಗಲಿಲ್ಲ. ಮಲಗಲು ಇದ್ದ ಚಾಪೆಗಳೆಲ್ಲ ತುಂಬಿದ್ದವು.

ಬೆಳಿಗ್ಗೆ ಚರ್ಚಿನಲ್ಲಿ ಹೆಂಗಸರ ಕಡೆ, ಕಿಟಕಿ ಪಕ್ಕದ ಬೆಂಚಿನಲ್ಲಿ ಅವಳಿಗೆ ಜಾಗ ಸಿಕ್ಕಿತು. ಎದುರಿಗೇ ಗಾಯನ ತಂಡ. ಅಂಜಲಿ ಅವಳನ್ನು ನೋಡಿ ನಕ್ಕಳು. ಪ್ರಸಂಗ ಶುರುವಾದಾಗ ಅಭ್ಯಾಸಬಲದಿಂದ ರೋಜಾಳ ಕಾಲು ಚಪ್ಪಲಿ ತಡಕಿತು, ಆಮೇಲೆ ನಾಚಿಕೊಂಡು ಸುಮ್ಮನಾಯಿತು. ಕಿಟಕಿಯಿಂದ ಎಳೆಬಿಸಿಲು ಬೆನ್ನಿನ ಮೇಲೆ ಬೀಳುತ್ತಿತ್ತು. ಉಪ್ಪು ಹಾಕಿದ್ದೇನೆ. ಬೀಗದ ಕೈ ದೊಡ್ಡಕ್ಕನ ಹತ್ತಿರ ಇದೆ. ಬಾಳೆಲೆ ಒರೆಸಿಟ್ಟಿದ್ದೇನೆ. ಮನಸ್ಸಿನಲ್ಲಿ ಒಂದೊಂದನ್ನೇ ಅದರದರ ಜಾಗದಲ್ಲಿ ಇಟ್ಟುಕೊಂಡು ಬಂದಳು. ಎಲ್ಲ ಇಟ್ಟಾದ ಮೇಲೆ ಇನ್ನೇನೂ ಉಳಿಯಲಿಲ್ಲ. ಯಾರೂ ಅವಳನ್ನು ಏನೂ ಕೇಳುತ್ತಿರಲಿಲ್ಲ. ಎಷ್ಟೋ ದಿನಗಳ ಮೇಲೆ, ಯಾರೂ ಏನೂ ಕೇಳದ ಜಾಗದಲ್ಲಿ ಅವಳು ಕೂತಿದ್ದಳು.

ಕೀಬೋರ್ಡ್ ಶುರುವಾಯಿತು. ಬಿಳಿ ಸೀರೆಯ ಅಂಜಲಿ ಮುಂದೆ ಬಂದು ನಿಂತಳು. ರವಿಕೆ ಭುಜದಲ್ಲಿ ಚೆನ್ನಾಗಿ ಕೂತಿದೆ ಎಂದುಕೊಂಡಳು ರೋಜಾ. ಮೊದಲ ಸಾಲು ಗಂಟೆ ಹೊಡೆದ ಹಾಗೆ ಚರ್ಚಿನ ಮೂಲೆ ಮೂಲೆಗೂ ಹೋಯಿತು. ಇದು ನನ್ನ ಮಗಳ ದನಿ, ಎಂದು ಅವಳ ಎದೆ ತುಂಬಿ ಬಂತು. ಕೆನ್ನೆಗೆ ಕೈ ಊರಿಕೊಂಡಳು.

ಕಣ್ಣು ಬಿಟ್ಟಾಗ ಸುತ್ತಲಿನವರೆಲ್ಲ ಎದ್ದು ನಿಂತಿದ್ದರು. ಅಯ್ಯನವರು ಕೈಯೆತ್ತಿ ಕೊನೆಯ ಆಶೀರ್ವಾದ ಹೇಳುತ್ತಿದ್ದರು. ಅಂಜಲಿ ಯಾವಾಗಲೋ ತನ್ನ ಜಾಗಕ್ಕೆ ಹೋಗಿಯಾಗಿತ್ತು.

ರೋಜಾ ದಡಬಡಿಸಿ ಎದ್ದಳು. ಯಾರೋ ಮೈಮೇಲೆ ತಣ್ಣೀರು ಸುರಿದ ಹಾಗಾಯಿತು. ಆಚೆ ಅಂಗಳದಲ್ಲಿ ಅಂಜಲಿ ಹತ್ತಿರ ಬಂದಾಗ, ಅವಳು ಬಾಯಿ ತೆರೆಯುವ ಮೊದಲೇ ಹೇಳಿಬಿಟ್ಟಳು, "ಎಷ್ಟು ಚೆನ್ನಾಗಿ ಹಾಡ್ದೆ ಕಣವ್ವ!"

ಅಂಜಲಿ ತಾಯಿಯ ಕೆನ್ನೆ ನೋಡಿದಳು. ಅಲ್ಲಿ ಬಳೆ ಒತ್ತಿದ ಗುರುತು ಕೆಂಪಗೆ ಮೂಡಿತ್ತು. ಅದರ ಮೇಲೆ ಒಮ್ಮೆ ಬೆರಳಾಡಿಸಿ, "ಹೂಂ ಅಮ್ಮ, ಹೋಗಾಣ ಬಾ," ಎಂದಳು.

ದೊಡ್ಡಕ್ಕ ಸಾರಿಗೆ ಖಾರ ಒಂದು ಕೈ ಮುಂದೆ ಹಾಕಿದ್ದಳು. ಯಾರೂ ದೂರಲಿಲ್ಲ, ಮೂಗು ಸೊರಸೊರ ಎನ್ನಿಸುತ್ತಾ ಮತ್ತೆ ಮತ್ತೆ ಹಾಕಿಸಿಕೊಂಡರು. ರೋಜಾ ಸೌಟು ಹಿಡಿದು ಪಂಕ್ತಿಯ ಮಧ್ಯೆ ನಡೆಯುತ್ತಿದ್ದಾಗ ನೇತ್ರಾವತಿ ಮಾತೆತ್ತಿದಳು.

"ಅಲ್ಲ ಅತ್ತಿಗೆ, ಅಂಜಲಿ ಮೊದ್ಲು ಎಷ್ಟು ಚಂದ ಎತ್ತಿದ್ಲು. ಎರಡನೇ ಚರಣಕ್ಕೆ ಯಾಕೆ ಹಂಗೆ ದನಿ ಇಳಿಸಿಬಿಟ್ಲು? ಹಿಂದಿನ ಬೆಂಚಿನೋರಿಗೆ ಕೇಳ್ಸೇ ಇಲ್ವಂತೆ. ಹೆದರಿಬಿಟ್ಲಾ?"

"ಎಂಥದ್ದೂ ಹೆದರಿಲ್ಲ ಅವ್ಳು," ಏಕನಾಥಮ್ಮ ಎಲೆಯಿಂದ ತಲೆಯೆತ್ತಲಿಲ್ಲ. "ಕಿಟಕಿ ಕಡೇನೇ ನೋಡ್ತಾ ನಿಂತಿದ್ಲು. ತೊಟ್ಲು ಮುಂದೆ ನಿಂತು ಹಾಡ್ದಂಗೆ ಹಾಡಿದ್ಲು."

ಸೌಟಿನಿಂದ ಸಾರು ಎಲೆಯಾಚೆ ನೆಲಕ್ಕೆ ಸುರಿಯಿತು. ರೋಜಾ ಅದನ್ನು ಒರೆಸಲೂ ಇಲ್ಲ. ಪಂಕ್ತಿಯ ಕೊನೆಯಲ್ಲಿ ಕೂತಿದ್ದ ಅಂಜಲಿ ಅನ್ನವನ್ನು ಸುಮ್ಮನೆ ಕಲೆಸುತ್ತಿದ್ದಳು. ಇಡೀ ಊರು ಕೇಳಲಿ ಎಂದು ತಿಂಗಳುಗಟ್ಟಲೆ ಕಲಿತ ಹಾಡು. ರೋಜಾಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅಳು ಬಂತು. ಸೌಟನ್ನು ಪಾತ್ರೆಯಲ್ಲಿಟ್ಟು ಅಡುಗೆಮನೆಗೆ ಹೋದಳು.

ಸ್ವಲ್ಪ ಹೊತ್ತಿಗೆ ಅಂಜಲಿಯೂ ಕೈ ತೊಳೆದು ಒಳಗೆ ಬಂದಳು. ರೋಜಾ ಒಲೆಯ ಮುಂದಿನ ಮಣೆಯ ಮೇಲೆ ಕೂತಿದ್ದಳು.

"ಎಬ್ಬಿಸ್ಬಾರ್ದಿತ್ತೇನೇ? ಜೋರಾಗಿ ಹಾಡಿದ್ರೆ ಎಚ್ಚರ ಆಗ್ತಿತ್ತು."

"ಗಂಟಲು ಹಿಡೀತಮ್ಮ," ಎಂದಳು ಅಂಜಲಿ. ತಾಯಿಯ ಪಕ್ಕದಲ್ಲಿ ನೆಲದ ಮೇಲೇ ಕೂತಳು. ರೋಜಾಳ ತಲೆ ಮಗಳ ಭುಜಕ್ಕೆ, ತಾನೇ ಹೊಲಿದ ಆ ಬಿಳಿ ರವಿಕೆಗೆ, ಮೆಲ್ಲಗೆ ಒರಗಿತು.

"ಅತ್ತಿಗೆ, ಚಾಪೆ ಎಲ್ಲೈತೆ?" ನಡುಮನೆಯಿಂದ ನೇತ್ರಾವತಿ ಕೂಗಿದಳು.

ರೋಜಾ ಕಣ್ಣು ಬಿಡುವಷ್ಟರಲ್ಲಿ ಅಂಜಲಿ ಅವಳ ತಲೆಯ ಮೇಲೆ ಕೈಯಿಟ್ಟಳು. "ಅಟ್ಟದ ಮೇಲೆ ಐತತ್ತೆ, ಟ್ರಂಕಿನ ಹಿಂದೆ," ಎಂದಳು. ಎಷ್ಟು ಮೆಲ್ಲಗೆ ಅಂದಳೆಂದರೆ ನಡುಮನೆಗೆ ಅದು ಮುಟ್ಟಲೇ ಇಲ್ಲ. ಅಲ್ಲಿಂದ ಮತ್ತೊಮ್ಮೆ ಕೂಗಿದರು. ಒಳಗಿದ್ದ ಇಬ್ಬರೂ ಅಲುಗಾಡಲಿಲ್ಲ.